ಗರಿಯಾಹಾಟಿನಲ್ಲಿ ನವರಾತ್ರಿ ಊಟ

ಹಸಿ ಬಿದಿರಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ದುರ್ಗಾಪೂಜೆ ಹತ್ತಿರ ಬಂತು, ಪೆಂಡಾಲು ಏಳುತ್ತದೆ ಅಂತ ಈ ಕಲ್ಕತ್ತದಲ್ಲಿ ಎಲ್ಲರಿಗೂ ಖುಷಿ ಕೊಡುವ ವಾಸನೆ ಅದು. ಮೊನ್ನೆ ಗರಿಯಾಹಾಟಿನಿಂದ ಆಟೋದಲ್ಲಿ ಬರುವಾಗ ಸದರ್ನ್ ಅವೆನ್ಯೂ ಕಡೆಯ ಒಂದು ಗಲ್ಲಿಯ ಬಾಯಲ್ಲಿ ಲಾರಿಯಿಂದ ಬಿದಿರು ಇಳಿಸುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ಮಗಳು, "ಅಮ್ಮಾ ಪ್ಲೀಸ್, ಫಿರ್ ಸೇ ನಹೀ" ಅಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ. ಅವಳಿಗಾಗಿ ಆಟೋದಲ್ಲಿ ಸುಮ್ಮನಾದೆ. ಇಲ್ಲಿ ನನ್ನನ್ನು ಸುಮ್ಮನಿರಿಸುವವರು ಯಾರೂ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅತ್ತೆ ಕಲ್ಕತ್ತಕ್ಕೆ ಪರದೇಶ ಅಂತಲೇ ಹೇಳುತ್ತಿದ್ದರು. "ಮಕ್ಕಳಿಬ್ಬರೂ ಪರದೇಶದಲ್ಲಿ" ಅಂತ ಊರಲ್ಲಿ ಕೇಳಿದವರಿಗೆಲ್ಲ ಅವರದ್ದು ಅದೇ ಉತ್ತರ. ಮದುವೆಯಾದ ಹೊಸತಿಗೆ ಅದನ್ನು ಕೇಳಿ ನಾನು ನಕ್ಕದ್ದುಂಟು. ಅದೇ ರೂಪಾಯಿ, ಅದೇ ರೈಲು, ಪರದೇಶ ಹೇಗೆ ಆಗುತ್ತದೆ ಮಾರಾಯ್ರೆ ಅಂತ. ನಾವೇ ಸ್ವಂತ ಅಂಗಡಿ ಇಟ್ಟ ವರ್ಷ ಆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಭಾಷೆ ಬೇರೆ, ನಾಲಿಗೆ ಬೇರೆ, ಹಬ್ಬದ ದಿನ ಏನು ತಿನ್ನಬೇಕು ಎನ್ನುವುದೇ ಬೇರೆ. ನಮ್ಮವರು ಅಂತ ಇದ್ದವರಂತೂ ಇವರೆಲ್ಲರಿಗಿಂತ ಕಡೆ.

ನಮ್ಮವರು ಎಂದರೆ ಭಾವ, ನನ್ನ ಗಂಡನ ಅಣ್ಣ. ಅಲಿಪುರದ ಕಡೆ ಅಡಿಗೆ ಕಾಂಟ್ರಾಕ್ಟು ಮಾಡಿ ದೊಡ್ಡ ಹೆಸರು ಗಳಿಸಿದವರು. ಇಲ್ಲಿನ ಕನ್ನಡದವರ ಮನೆಯಲ್ಲಿ ಉಪನಯನ ಇರಲಿ, ಸೀಮಂತ ಇರಲಿ, ಊಟ ಭಾವನದ್ದೇ. ಮಾರ್ವಾಡಿ, ಗುಜರಾತಿ ಸೇಠುಗಳ ಮನೆಗೂ ಅವರದ್ದೇ. ಹೆಸರು ಅವರದ್ದು, ಸೌಟು ಹಿಡಿಯುವ ಕೈ ಇವರದ್ದು. ಇವರು ಎಂದರೆ ನನ್ನ ಗಂಡ. ಮೀಸೆ ಚಿಗುರುವ ಮೊದಲೇ ಅಣ್ಣನ ಹಿಂದೆ ಬಂದು, ಅಣ್ಣನಿಂದಲೇ ಅಡಿಗೆ ಕಲಿತು, ತಲೆ ನರೆಯುವ ಹೊತ್ತಿಗೂ ಅಣ್ಣನಿಗೆ ಇವರು "ಮಾಣಿ". ನನ್ನೆದುರು, ಮಗಳೆದುರು, ಸೇಠುಗಳೆದುರು, "ಮಾಣೀ, ಬಾ ಇಲ್ಲಿ." ಇವರು ಕೈ ಒರೆಸಿಕೊಂಡು ಓಡುತ್ತಿದ್ದರು. ಅಣ್ಣನೆಂದರೆ ಇವರಿಗೆ ಜೀವ. ನನಗೇನೂ ಅಂಥ ಜೀವ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ನಾನೇ ಹಟ ಹಿಡಿದೆ. ಸ್ವಂತಕ್ಕೆ ಒಂದು ಸಣ್ಣ ಹೋಟೆಲು, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಅಷ್ಟೇ ಸಾಕು ಅಂತ. ಇವರು ಹೇಳಲಿಕ್ಕೆ ಹೋಗಿ ಅಣ್ಣನೆದುರು ನಿಂತುಕೊಂಡು ತೊದಲಿದರು. ಕೊನೆಗೆ ನಾನೇ ಹೇಳಿದೆ. ಭಾವ ಸಿಟ್ಟು ಮಾಡಲಿಲ್ಲ, ಎಲೆಯಡಿಕೆ ಹಾಕಿಕೊಂಡರು.

"ಮಾಣಿ, ನಿನ್ನ ಹೆಂಡತಿಗೆ ಬಾಯಿ ಉಂಟು, ನಿನಗೆ ಕೈ ಉಂಟು. ವ್ಯಾಪಾರಕ್ಕೆ ಬೇಕಾದ ತಲೆ ಯಾರ ಹತ್ರ ಉಂಟು? ದೀಪಾವಳಿಗೆ ಮೊದಲು ವಾಪಾಸು ಬರ್ತೀರಿ, ನೋಡು. ಬರಬೇಡ ಅಂತ ನಾನು ಹೇಳುದಿಲ್ಲ. ಆದರೆ ಆಗ ಸಂಬಳದ ಆಳಾಗಿ ಬರಬೇಕು, ತಮ್ಮ ಅಂತ ಹೇಳಿಕೊಂಡು ಅಲ್ಲ."

ಇವರ ಮುಖ ಬಿಳಿಚಿ ಹೋಯಿತು. ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಬೀದಿಯಲ್ಲಿ ಕಡ್ಲೆಕಾಯಿ ಮಾರಿದರೂ ಸರಿ, ಈ ಮನುಷ್ಯನ ಅಡಿಗೆಮನೆಗೆ ಇವರನ್ನು ಆಳಾಗಿ ಕಳಿಸುವುದಿಲ್ಲ ಅಂತ. ಆ ವರ್ಷ ನಾನು ಮಾಡಿದ ಎಲ್ಲ ಜಗಳವೂ ಇದೊಂದಕ್ಕಾಗಿ.

ಗರಿಯಾಹಾಟಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯ ಒಡತಿ ನಿವೃತ್ತ ಟೀಚರು, ಗಂಡ ಇಲ್ಲ, ಒಬ್ಬರೇ ಮೇಲಿನ ಮಹಡಿಯಲ್ಲಿ. ಎಲ್ಲರೂ ಮಾಶಿಮಾ ಅನ್ನುತ್ತಿದ್ದರು, ಚಿಕ್ಕಮ್ಮ ಅಂದ ಹಾಗೆ. ಚಿಕ್ಕಮ್ಮನ ಗುಣ ಒಂದೂ ಇರಲಿಲ್ಲ. ಮೊದಲ ದಿನ ದೋಸೆ ಹಿಟ್ಟು ಹುಳಿ ಬಂದದ್ದೇ ತಡ, ಮೂಗಿಗೆ ಸೆರಗು ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಏನೋ ಕೊಳೆತು ಹೋಗಿದೆ, ಎಸೆಯಿರಿ ಅಂತ. ಕೊಳೆತದ್ದಲ್ಲ, ಅದು ಹಾಗೆಯೇ ಇರಬೇಕಾದ್ದು ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ನಂಬಲಿಲ್ಲ. ಗ್ರೈಂಡರು ತಿರುಗಿದರೆ ಮೇಲಿನಿಂದ ನೆಲಕ್ಕೆ ಕೋಲಿನಲ್ಲಿ ಕುಟ್ಟುತ್ತಿದ್ದರು. ಅವರು ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವಾಗ ನಾನು ಕೆಳಗಿನಿಂದ ಜೇಡರಬಲೆ ತೆಗೆಯುವ ಹಿಡಿಸೂಡಿಯ ಕೋಲಿನಲ್ಲಿ ತಲೆಮೇಲಿನ ಮಾಡಿಗೆ ಕುಟ್ಟುತ್ತಿದ್ದೆ. ಹೀಗೆ ಪರಿಚಯವಾಯಿತು.

ಮಳೆಗಾಲ ಬಂತು. ಈ ಊರಿನ ಮಳೆ ಬಂದು ಹೋಗುವ ಮಳೆಯಲ್ಲ, ಬಂದು ಕೂತುಕೊಳ್ಳುವ ಮಳೆ. ನಮ್ಮ ಗಲ್ಲಿಯಲ್ಲಿ ಮೊಣಕಾಲು ಮಟ್ಟ ನೀರು ನಿಂತು, ಅದರಲ್ಲಿ ಇಡೀ ಪೇಟೆಯ ಕಸ ತೇಲಿ ನಮ್ಮ ಹೊಸ್ತಿಲಿಗೆ ಬಂದು ಮುಟ್ಟುತ್ತಿತ್ತು. ಇವರು ಲುಂಗಿ ಎತ್ತಿ ಕಟ್ಟಿ ಗ್ರೈಂಡರನ್ನು ಮೇಜಿನ ಮೇಲೆ ಏರಿಸುವುದು, ನೀರಿಳಿದ ಮೇಲೆ ಇಳಿಸುವುದು. ಅಂಥ ದಿನ ಇಡ್ಲಿ ತಿನ್ನಲು ಯಾರು ಬರುತ್ತಾರೆ? ನೀರಿಲ್ಲದ ದಿನ ಬಂದವರೂ ಸಾರನ್ನು ನೋಡಿ, ಇದರಲ್ಲಿ ಬೇಳೆ ಎಲ್ಲಿ ಅಂತ ಕೇಳುತ್ತಿದ್ದರು. ಒಬ್ಬರಂತೂ ಕಾಯಿ ಚಟ್ನಿಗೆ ಸಕ್ಕರೆ ಕೇಳಿದರು. ಕೊಟ್ಟೆ, ಹಲ್ಲು ಕಚ್ಚಿಕೊಂಡು.

ಅವರು ಬಿಡಿ, ಬೇರೆ ಜನ. ನಮ್ಮ ಕನ್ನಡದವರು? ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ಚೌತಿಯ ದಿನ ಕನ್ನಡದವರೆಲ್ಲ ಸೇರಿದಲ್ಲಿ ಧಾರವಾಡದ ಕಡೆಯ ಒಬ್ಬ ಪ್ರೊಫೆಸರರನ್ನು ನೇರವಾಗಿ ಕೇಳಿದೆ. "ಬರಬೇಕಂತನ ಅದೀನ್ರಿ ಅಕ್ಕಾರ. ಆದ್ರ ನಿಮ್ಮ ಭಾವಾರು ಮನಸಿಗೆ ಹಚ್ಕೋತಾರ, ಮಾಘದಾಗ ಮಗನ ಮುಂಜಿವಿ ಐತಿ" ಅಂತ ತಲೆ ಕೆರೆದುಕೊಂಡರು. ಅವರನ್ನು ಬೈಯಲಿಕ್ಕೂ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಎಲೆ ಹಾಕಿದರು. ಊಟ ಭಾವನದ್ದೇ. ಪಾಯಸ ಅವರೇ ಬಡಿಸಿಕೊಂಡು ಬಂದರು. ಇವರ ಎಡಗಡೆಯ ಎಲೆಗೆ ಬಡಿಸಿದರು, ಇವರ ಎಲೆ ದಾಟಿದರು, ಬಲಗಡೆಯ ಎಲೆಗೆ ಬಡಿಸಿದರು. ನಮ್ಮಲ್ಲಿ ಶತ್ರು ಬಂದು ಪಂಕ್ತಿಯಲ್ಲಿ ಕೂತರೂ ಹಾಗೆ ಮಾಡುವುದಿಲ್ಲ. ಇಡೀ ಸಾಲು ನೋಡಿತು. ಇವರು ಎಲೆಯ ಮೇಲಿದ್ದ ಅನ್ನವನ್ನು ಮೆಲ್ಲಗೆ ಉಂಡು ಮುಗಿಸಿದರು. ಬಸ್ಸಿನಲ್ಲಿ ಬರುವಾಗ, "ಗಡಿಬಿಡಿಯಲ್ಲಿ ಕಾಣಲಿಲ್ಲ ಅವನಿಗೆ" ಅಂದರು. ನನಗೆ ಅಳು ಬಂತು, ಸಿಟ್ಟಿನ ಅಳು.

ಆಮೇಲೆ ಬಿದಿರು ಬಂತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಎರಡು ಬಿದಿರು ನೆಟ್ಟು ಅಡ್ಡ ಬಿದಿರು ಕಟ್ಟುತ್ತಿದ್ದಾರೆ. ನಮ್ಮ ಅಂಗಡಿಯ ಬೋರ್ಡು ಅರ್ಧ ಮುಚ್ಚಿ ಹೋಗಿತ್ತು, ಒಳಗೆ ಬರಬೇಕಾದರೆ ತಲೆ ಬಗ್ಗಿಸಬೇಕು. ಗಲ್ಲಿಯ ಕ್ಲಬ್ಬಿನವರ ಪೂಜಾ ಪೆಂಡಾಲು. ಕ್ಲಬ್ಬಿನ ಕಾರ್ಯದರ್ಶಿಗೆ ಬಾಬ್ಲುದಾ ಅಂತ ಕರೆಯುತ್ತಿದ್ದರು, ಹೊಟ್ಟೆ ಬಂದ ಐವತ್ತರ ಆಸಾಮಿ, ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೋಗಿ ಕೇಳಿದೆ, ನಮ್ಮ ಹೊಟ್ಟೆಯ ಮೇಲೆ ಯಾಕಪ್ಪ ಕಂಬ ನೆಡುತ್ತೀರಿ ಅಂತ.

"ಬೌದಿ, ನನ್ನ ಮನೆ ಬಾಗಿಲಿಗೂ ಬಿದಿರು ಉಂಟು. ಎಲ್ಲರಿಗೂ ಉಂಟು. ಕಾಳಿಪೂಜೆ ಮುಗಿಯುವ ತನಕ ಬಗ್ಗಿ ನಡೆಯಬೇಕು" ಅಂದ. ಬೌದಿ ಎಂದರೆ ಅತ್ತಿಗೆ. ಮಾತೇನೋ ಸಕ್ಕರೆ, ಕಂಬ ಒಂದಿಂಚೂ ಆಚೆ ಸರಿಯಲಿಲ್ಲ.

ಇವರೇ ಸಮಾಧಾನ ಮಾಡಿದರು. "ಇರಲಿ ಬಿಡು. ಪೂಜೆಗೆ ಜನ ಸಾಗರ ಬರ್ತದಂತೆ. ನವರಾತ್ರಿ ಅಲ್ಲವಾ, ಈರುಳ್ಳಿ ಬೆಳ್ಳುಳ್ಳಿ ಹಾಕದ ಊಟ ಹುಡುಕಿಕೊಂಡು ಬಂದೇ ಬರ್ತಾರೆ." ಅದು ನನಗೂ ಸರಿ ಕಂಡಿತು. ಈಗ ಕೇಳಿದವರು ನಗುತ್ತಾರೆ, ಅಷ್ಟು ವರ್ಷ ಕಲ್ಕತ್ತದಲ್ಲಿದ್ದು ಅಷ್ಟೂ ಗೊತ್ತಿರಲಿಲ್ಲವಾ ಅಂತ. ಎಲ್ಲಿಂದ ಗೊತ್ತಾಗಬೇಕು? ನಾವು ಕಂಡ ನವರಾತ್ರಿ ಎಲ್ಲ ಭಾವನ ಅಡಿಗೆಮನೆಯೊಳಗಿನದ್ದು. ಆ ಒಂಬತ್ತು ದಿನ ಸೇಠುಗಳ ಮನೆಗೆ ಸಾತ್ವಿಕ ಊಟ ಮಾಡಿ ಮಾಡಿ ಸೊಂಟ ನೆಟ್ಟಗಾಗುತ್ತಿರಲಿಲ್ಲ, ಹೊರಗೆ ಬಂದು ಬಂಗಾಳಿಗಳು ಏನು ತಿನ್ನುತ್ತಾರೆ ಅಂತ ನೋಡಿದವರು ಯಾರು? ನಮ್ಮ ಕೊಲ್ಲೂರು, ಕಟೀಲಿನ ಕಡೆಯೇ ಅಷ್ಟು ಮಡಿ ಇರುವಾಗ, ಇದು ದೇವಿಯ ತವರುಮನೆ, ಇಲ್ಲಿ ಇನ್ನೆಷ್ಟು ಇರಬೇಡ ಅಂತ ನಮ್ಮ ಲೆಕ್ಕ. ಬಾಳೆಲೆಗೆ ಹೇಳಿದೆವು, ಕುಂಬಳ, ಸೌತೆ, ಸುವರ್ಣಗೆಡ್ಡೆ ತಂದು ಒಟ್ಟಿದೆವು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಅಂತ ಫ್ಲೆಕ್ಸ್ ಮಾಡಿಸಲು ಹೋದರೆ ಅಂಗಡಿಯವನು ನಾನು ಹೇಳಿದ್ದನ್ನು ಎರಡು ಸಲ ಕೇಳಿ, "ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ?" ಅಂದ. ಇಲ್ಲಿ ಸೂತಕದಲ್ಲಿ ಹಾಗೆ ಉಣ್ಣುತ್ತಾರೆ ಅಂತ ನನಗೇನು ಗೊತ್ತು. ಅಪಶಕುನದ ಮನುಷ್ಯ ಅಂತ ಬೈದುಕೊಂಡು ಬಂದೆ.

ಷಷ್ಠಿಯ ದಿನ ಜನ ಬಂದರು. ಇವರು ಹೇಳಿದ್ದು ಸುಳ್ಳಲ್ಲ, ಗಲ್ಲಿ ತುಂಬ ತಲೆಗಳೇ. ಎಲ್ಲರೂ ನಮ್ಮ ಬಿದಿರಿನ ಪಕ್ಕದಿಂದಲೇ ಹೋದರು, ಒಬ್ಬರೂ ಬಗ್ಗಲಿಲ್ಲ. ನಮ್ಮ ಗೋಡೆಗೆ ಒತ್ತಿಕೊಂಡೇ ಕ್ಲಬ್ಬಿನವರು ಒಬ್ಬನಿಗೆ ಎಗ್ ರೋಲಿನ ಅಂಗಡಿ ಹಾಕಲು ಜಾಗ ಕೊಟ್ಟಿದ್ದರು. ಅದರಾಚೆ ಬಿರಿಯಾನಿ, ಅದರಾಚೆ ಕೋಳಿ ಕಬಾಬು. ಹೊಸ ಸೀರೆ ಉಟ್ಟ ಹೆಂಗಸರು, ಹಣೆಗೆ ಕುಂಕುಮ, ಕೈಯಲ್ಲಿ ಮಟನ್ ರೋಲು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇ ನೋಡಿದ್ದು. ಸಪ್ತಮಿಯೂ ಹಾಗೆಯೇ. ಹುಳಿ, ಪಲ್ಯ, ಕೋಸಂಬರಿ, ಗೊಜ್ಜು, ಎಲ್ಲ ಮಾಡಿ ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೆಯೇ ಇತ್ತು. ಎಗ್ ರೋಲಿನವನ ಕಾವಲಿಯ ಎಣ್ಣೆ ಸಿಡಿದು ನಮ್ಮ ಬಾಳೆಲೆ ಕಟ್ಟಿಗೆ ಬಿದ್ದಾಗ ಅವನ ಜೊತೆಗೂ ಜಗಳವಾಯಿತು. ಅವನು ಪಾಪ, ಸಮಾಧಾನಕ್ಕೆ ಒಂದು ರೋಲು ಕೊಡಲು ಬಂದ. ಅದಕ್ಕೆ ಇನ್ನಷ್ಟು ಜಗಳವಾಯಿತು.

ಸಂಜೆ ಇವರು ಅಡಿಗೆಯೆಲ್ಲ ಬುಟ್ಟಿಗೆ ತುಂಬಿ ಫುಟ್‌ಪಾತಿನಲ್ಲಿ ಮಲಗುವವರಿಗೆ ಬಡಿಸಿ ಬಂದರು. ಬಂದು ಕೈಕಾಲು ತೊಳೆದುಕೊಂಡು, "ನಾಳೆ ಬೆಳಿಗ್ಗೆ ಅಣ್ಣನ ಹತ್ರ ಹೋಗ್ತೇನೆ" ಅಂದರು.

"ಆಳಾಗಿಯಾ?" ಅಂದೆ.

"ಹೇಗಾದರೂ. ನನಗೆ ಅಡಿಗೆ ಒಂದೇ ಬರುದು ಮಾರಾಯ್ತಿ. ಅದನ್ನು ಹೀಗೆ ಮುಚ್ಚಿಟ್ಟುಕೊಂಡು ಕೂರಲಿಕ್ಕೆ ನನ್ನಿಂದ ಆಗುದಿಲ್ಲ. ಪಾತ್ರೆ ಸಾಗಿಸಲಿಕ್ಕೆ ಅವನದ್ದೇ ವ್ಯಾನು ತರ್ತೇನೆ."

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಇವರು ಬುಟ್ಟಿ ತೊಳೆದು ಕವುಚಿಟ್ಟರು. ಬೈದರೆ ತಿರುಗಿ ಬೈಯುವ ಗಂಡ ಇದ್ದರೆ ಎಷ್ಟೋ ಸುಖ.

ಅಷ್ಟಮಿಯ ಬೆಳಿಗ್ಗೆ ಜಡಿಮಳೆ. ಇವರು ಕೊಡೆ ಹಿಡಿದು ಹೊರಟು ಹೋದರು, ಆಗಿನ್ನೂ ಸಣ್ಣವಳಾಗಿದ್ದ ಮಗಳು ಪೆಂಡಾಲಿಗೆ ಓಡಿದಳು. ನಾನು ಪಾತ್ರೆ ಕಟ್ಟಿಡಬೇಕಿತ್ತು. ಕಟ್ಟಲಿಲ್ಲ. ಕೊಯ್ದಿಟ್ಟ ಕುಂಬಳಕಾಯಿ ಇತ್ತು, ನೆನೆಸಿದ ಬೇಳೆ ಇತ್ತು, ಹಾಳು ಮಾಡಲು ಮನಸ್ಸಿಲ್ಲ. ಭಾವನ ವ್ಯಾನು ಬಂದಾಗ ಈ ಒಲೆ ಉರಿಯುತ್ತಿರಬೇಕು, ಆರಿದ ಒಲೆ ಅವರು ನೋಡಬಾರದು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಸಿಟ್ಟಿನಲ್ಲೇ ಸಾರಿಟ್ಟೆ, ಅನ್ನ ಮಾಡಿದೆ, ಪಲ್ಯ ಮಾಡಿದೆ, ಹುಳಿ ಕುದಿಸಿದೆ. ನಮ್ಮಲ್ಲಿ ನೈವೇದ್ಯಕ್ಕೆ ಮೊದಲು ರುಚಿ ನೋಡುವ ಪದ್ಧತಿ ಇಲ್ಲ, ಎಲ್ಲ ಕೈಯಳತೆ. ದೇವರ ಪಟದ ಮುಂದೆ ಇಟ್ಟು ಕೈ ಮುಗಿದೆ. ಏನು ಕೇಳಿಕೊಂಡೆ ಅಂತ ನೆನಪಿಲ್ಲ, ಬೈದಿದ್ದರೂ ಬೈದಿರಬಹುದು.

ಅಷ್ಟರಲ್ಲಿ ಬಿದಿರಿನ ಕೆಳಗೆ ಬಗ್ಗಿ ಮಾಶಿಮಾ ಒಳಗೆ ಬಂದರು. ಸಣ್ಣ ಅಂಚಿನ ಬಿಳಿ ಸೀರೆ, ಒದ್ದೆಯಾದ ಮುಂಗುರುಳು, ಮುಖ ಯಾವತ್ತಿನ ಹಾಗೆಯೇ ಗಂಟು. ಪೆಂಡಾಲಿನಲ್ಲಿ ಪುಷ್ಪಾಂಜಲಿ ಮುಗಿಸಿ ಬಂದದ್ದು.

"ಈರುಳ್ಳಿ ಇಲ್ಲ ಅಂತ ಹೊರಗೆ ಬರೆದದ್ದು ನಿಜವಾ, ಸುಳ್ಳಾ?"

"ಸುಳ್ಳು ಬರೆಯುವವರು ನಾವಲ್ಲ."

"ಹಾಗಾದರೆ ಬಡಿಸು. ಬೆಳಗಿನಿಂದ ಉಪವಾಸ, ತಲೆ ತಿರುಗ್ತಾ ಉಂಟು."

ಬಡಿಸುವಾಗ ಒಂದೊಂದಾಗಿ ಗೊತ್ತಾಯಿತು. ಇವರ ಪೂಜೆಯಲ್ಲಿ ಅಷ್ಟಮಿ ಒಂದು ದಿನ ಮಾತ್ರ ಹೆಚ್ಚಿನವರು ಮೀನು ಮಾಂಸ ಮುಟ್ಟುವುದಿಲ್ಲ. ಅಂಜಲಿ ಆಗುವವರೆಗೆ ಉಪವಾಸ, ಆಮೇಲೆ ಕ್ಲಬ್ಬಿನವರು ಹಾಕುವ ಭೋಗದ, ಎಂದರೆ ಪ್ರಸಾದದ ಊಟ. ಆ ದಿನ ಮಳೆಗೆ ಭೋಗ ಬೇಯಿಸುವ ಟಾರ್ಪಾಲು ಹರಿದು ಒಲೆಗೆಲ್ಲ ನೀರು ನುಗ್ಗಿತ್ತಂತೆ. ಊಟ ಮಧ್ಯಾಹ್ನ ದಾಟಿದ ಮೇಲೆಯೇ ಅಂತ ಬಾಬ್ಲುದಾ ಮೈಕಿನಲ್ಲಿ ಕೂಗುತ್ತಿದ್ದ. ಪೆಂಡಾಲಿನೊಳಗೆ ಇಡೀ ಗಲ್ಲಿಯೇ ಹಸಿದು ನಿಂತಿತ್ತು. ಮಾಶಿಮಾ ಉಂಡರು. ಹುಳಿಗೆ ಬೆಲ್ಲ ಸಾಲದು ಅಂದರು, ಕುಂಬಳಕಾಯಿ ಕೊಯ್ದದ್ದು ದೊಡ್ಡದಾಯಿತು ಅಂದರು. ಕೈ ತೊಳೆದು ಹೊಸ್ತಿಲಲ್ಲಿ ನಿಂತು ಟೀಚರ ಗಂಟಲಿನಲ್ಲಿ ಪೆಂಡಾಲಿನ ಕಡೆ ಕೂಗಿದರು, ಇಲ್ಲಿ ನಿರಾಮಿಷ ಊಟ ಉಂಟು ಬನ್ನಿ ಅಂತ. ನಾನು ನೋಡುವುದು ಕಂಡು, "ನೀವು ಓಡಿ ಹೋದರೆ ನನ್ನ ಬಾಡಿಗೆ ಯಾರು ಕೊಡ್ತಾರೆ?" ಅಂದರು.

ಒಂದು ಗಳಿಗೆಯಲ್ಲಿ ನಾಲ್ಕು ಮೇಜೂ ತುಂಬಿ, ಬಾಗಿಲಿನಿಂದ ಬಿದಿರಿನುದ್ದಕ್ಕೂ ಸಾಲು ಬೆಳೆಯಿತು. ಬಾಬ್ಲುದಾ ಸೀಟಿ ಊದಿ ಹಗ್ಗ ಕಟ್ಟಿ ಸಾಲು ಸರಿ ಮಾಡಿದ. ಹಾಗಂತ ಯಾರೂ ಹೊಗಳಲಿಲ್ಲ. ಸಾರು ನೀರು, ಅನ್ನ ದಪ್ಪ, ಅವರ ಮೈದಾ ಪೂರಿ ಲೂಚಿ ಯಾಕಿಲ್ಲ ಅಂತ ಒಬ್ಬೊಬ್ಬರದ್ದೂ ಒಂದೊಂದು ತಕರಾರು. ತಕರಾರು ಮಾಡುತ್ತಲೇ ಎರಡನೇ ಸಲ ಹಾಕಿಸಿಕೊಂಡರು. ಬಡಿಸಲು ನಾನೊಬ್ಬಳೇ, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿಲ್ಲ.

ಆಗ ಭಾವನ ದನಿ ಕೇಳಿಸಿತು. ವ್ಯಾನು ಗಲ್ಲಿಯ ಬಾಯಿಯಲ್ಲೇ ನಿಲ್ಲಿಸಬೇಕಾಗಿ, ಅಣ್ಣ ತಮ್ಮ ಇಬ್ಬರೂ ನಡೆದು ಬಂದಿದ್ದರು. ಭಾವ ನೇರ ಒಳಗೆ ನುಗ್ಗಲು ಹೋದರು, ಬಾಬ್ಲುದಾ ಅಡ್ಡ ಕೈ ಹಿಡಿದ.

"ಲೈನ್, ದಾದಾ, ಲೈನ್."

"ನಾನು ಊಟಕ್ಕೆ ಬಂದವನಲ್ಲ. ಪಾತ್ರೆ ತಗೊಂಡು ಹೋಗ್ಲಿಕ್ಕೆ ಬಂದದ್ದು."

"ಎಲ್ಲರೂ ಹೀಗೇ ಏನಾದರೂ ಹೇಳ್ತಾರೆ. ಇವರು ನಮ್ಮ ಪಾಡಾದವರು, ಇವರು ಹೋಗಲಿ. ನೀವು ಲೈನಿಗೆ ಹೋಗಿ" ಅಂತ ಇವರ ಬೆನ್ನಿಗೆ ಕೈ ಹಾಕಿ ಒಳಗೆ ತಳ್ಳಿದ. ಪಾಡಾ ಎಂದರೆ ಕೇರಿ. ನಮ್ಮ ಕೇರಿಯವರು ಅಂತ ಅವನು ಹೇಳಿದ್ದಕ್ಕೆ ನಾನೇನೂ ಕರಗಲಿಲ್ಲ. ನಿನ್ನೆ ಎಲ್ಲಿ ಹೋಗಿತ್ತು ಆ ಕೇರಿ?

ಇವರು ಒಳಗೆ ಬಂದು ನಿಂತರು. ಮೇಜು ನೋಡಿದರು, ಸಾಲು ನೋಡಿದರು, ನನ್ನ ಮುಖ ನೋಡಿದರು. "ಅಣ್ಣನಿಗೆ ಮಾತು ಕೊಟ್ಟು ಬಂದಿದ್ದೇನೆ" ಅಂದರು ಮೆಲ್ಲಗೆ. "ಕೊಟ್ಟಿದ್ದರೆ ಆಮೇಲೆ ಹೋಗಿ. ಅಲ್ಲಿಯವರೆಗೆ ಆ ಮೂಲೆಯವರಿಗೆ ಅನ್ನ ಹಾಕಿ" ಅಂದೆ. ಅಂಗಿ ತೆಗೆದು ಮೊಳೆಗೆ ಸಿಕ್ಕಿಸಿ, ಬೈರಾಸು ಸೊಂಟಕ್ಕೆ ಕಟ್ಟಿ ಅನ್ನದ ಬುಟ್ಟಿ ಎತ್ತಿಕೊಂಡರು.

ಭಾವ ಸಾಲಿನಲ್ಲಿ ನಿಂತರು. ಹೋಗಬಹುದಿತ್ತು, ಹೋಗಲಿಲ್ಲ. ಬಿದಿರಿನ ಗಂಟಿನಿಂದ ನೀರು ತೊಟ್ಟಿಕ್ಕಿ ಅವರ ಬೋಳುತಲೆಗೆ ಬೀಳುತ್ತಿತ್ತು. ಹಾಗೆ ಅವರ ಸರದಿ ಬಂದು, ಇಬ್ಬರು ಹೆಂಗಸರ ನಡುವಿನ ಕುರ್ಚಿ ಖಾಲಿಯಾಯಿತು. ಕೂತರು. ನಾನೇ ಎಲೆ ಹಾಕಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ಸಾರು, ಒಂದೂ ಬಿಡದೆ ಕ್ರಮದಲ್ಲಿ ಬಡಿಸಿದೆ. ಮೊದಲ ತುತ್ತಿಗೇ ಕೈ ನಿಲ್ಲಿಸಿದರು.

"ಮಾಣೀ" ಅಂತ ಕರೆದರು, ಅಷ್ಟೂ ಜನರ ನಡುವೆ, ಜೋರಾಗಿ. "ಸಾರಿಗೆ ಉಪ್ಪು ಕಮ್ಮಿ. ಇದನ್ನು ಜನಕ್ಕೆ ಬಡಿಸುದಾ? ಸಾಕು ಈ ನಾಟಕ. ಪಾತ್ರೆ ಎತ್ತು, ನಡಿ."

ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಆದರೂ ಎಲ್ಲರೂ ತಿರುಗಿ ನೋಡಿದರು, ದನಿ ಹಾಗಿತ್ತು. ಇವರು ಅನ್ನದ ಬುಟ್ಟಿ ಹಿಡಿದುಕೊಂಡು ಅಣ್ಣನ ಎದುರು ಬಂದು ನಿಂತರು. ಈಗ ಬುಟ್ಟಿ ಕೆಳಗಿಡುತ್ತಾರೆ, ಮುಗಿಯಿತು ಅಂತ ಕಾದೆ.

"ಉಪ್ಪು ಸರಿ ಉಂಟು, ಅಣ್ಣ" ಅಂದರು. "ಅವಳು ಮಾಡಿದ್ದು. ಅನ್ನ ಬಡಿಸಲಾ ಇನ್ನು ಸ್ವಲ್ಪ?"

ಭಾವ ತಮ್ಮನ ಮುಖವನ್ನೇ ನೋಡಿದರು. ಎದ್ದು, ಕೈ ತೊಳೆದು, ಬಗ್ಗದೆ ಹೊರಗೆ ಹೋಗಲು ಹೋಗಿ ಬಿದಿರಿಗೆ ತಲೆ ತಾಗಿಸಿಕೊಂಡರು. ಅವರ ಕುರ್ಚಿಗೆ ಬಾಬ್ಲುದಾ ಕೂಡಲೇ ಇನ್ನೊಬ್ಬರನ್ನು ಕಳಿಸಿದ. ವ್ಯಾನು ಬರಿದಾಗಿಯೇ ಹೋಯಿತು. ಆಮೇಲೆ ಭಾವ ಇವರ ಜೊತೆ ಮಾತಾಡಿಲ್ಲ, ಇವತ್ತಿನವರೆಗೂ. ಯಾರದ್ದಾದರೂ ಮದುವೆಯಲ್ಲಿ ಎದುರು ಸಿಕ್ಕರೆ ಇವರು ನಿಲ್ಲುತ್ತಾರೆ, ಅವರು ದಾಟಿ ಹೋಗುತ್ತಾರೆ. ಆ ಸಂಕಟ ಇವರಿಗೆ ಹೋಗಿಲ್ಲ, ನನಗೆ ಗೊತ್ತು.

ಜನ ಎಲ್ಲ ಕರಗಿದ ಮೇಲೆ ನಾವಿಬ್ಬರೂ ನೆಲದ ಮೇಲೆ ಎಲೆ ಹಾಕಿಕೊಂಡು ಕೂತೆವು. ಬೆಳಗಿನಿಂದ ಇವರ ಬಾಯಿಗೆ ಒಂದು ತೊಟ್ಟು ಸಾರೂ ಹೋಗಿರಲಿಲ್ಲ. ಇವರು ರುಚಿಯ ವಿಷಯದಲ್ಲಿ ಯಾರ ಮುಲಾಜೂ ನೋಡುವವರಲ್ಲ, ಮದುವೆಯಾದ ಮಾರನೇ ದಿನವೇ ನನ್ನ ಪಾಯಸಕ್ಕೆ ಹಾಲು ಸಾಲದು ಅಂದ ಮನುಷ್ಯ. ತಪ್ಪಲೆಯ ತಳದಲ್ಲಿ ಉಳಿದ ಸಾ​ರು ಬಡಿಸಿದೆ. ಕಲಸಿ ಬಾಯಿಗಿಟ್ಟುಕೊಂಡೆ. ಉಪ್ಪು ಕಮ್ಮಿಯೇ ಇತ್ತು. ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಿ ಉಣ್ಣುತ್ತಿದ್ದರು, ಎಲೆಯಲ್ಲಿದ್ದ ಉಪ್ಪು ಮುಟ್ಟಲಿಲ್ಲ. ಸಾರು ಮುಗಿದ ಮೇಲೆ ಇನ್ನೊಂದು ಸೌಟು ಹಾಕು ಅಂದರು.